ಕಪ್ಪು ಕವರಿನಲ್ಲಿ ಹೋದ ಸರಕು

ಚೌಕಿಪೇಟೆಯ ನನ್ನ ಅಂಗಡಿಯಲ್ಲಿ ಬನಿಯನ್ನು, ಚಡ್ಡಿ, ಬಾಡಿ, ಲಂಗ ಕೊಂಡ ದಾವಣಗೆರೆಯ ಎಲ್ಲ ಗಿರಾಕಿಗಳಿಗೆ,



ಅಂಗಡಿ ಮುಚ್ಚಿ ಎರಡು ವರ್ಷ ದಾಟಿತು. ದಾರಿಯಲ್ಲಿ ಸಿಕ್ಕರೆ ಈಗಲೂ ‘ಆರಾಮಾ ಸಾವ್ಕಾರ್ರೆ’ ಎನ್ನುತ್ತೀರಿ, ಆಮೇಲೆ ಮುಖ ಒಂಚೂರು ಆಚೆ ತಿರುಗಿಸುತ್ತೀರಿ. ತಪ್ಪೇನಿಲ್ಲ. ನಿಮ್ಮ ಸೊಂಟದ ಅಳತೆ ಬಾಯಿಪಾಠವಿರುವ ಮನುಷ್ಯ ಹಾಲಿನ ಬೂತಿನ ಮುಂದೆ ಎದುರಾದರೆ ಯಾರಿಗಾದರೂ ಹಾಗೇ ಆಗುತ್ತದೆ. 1985ರಿಂದ 2023ರವರೆಗೆ, 38 ವರ್ಷ, ನಿಮಗೆ ಒಳಉಡುಪು ಮಾರಿದೆ. ಒಬ್ಬರ ವಿಷಯ ಇನ್ನೊಬ್ಬರ ಮುಂದೆ ಆಡಿಲ್ಲ, ಈಗಲೂ ಆಡುವುದಿಲ್ಲ. ಆದರೆ ನಿಮ್ಮೆಲ್ಲರಿಗೂ ಒಟ್ಟಿಗೇ ಹೇಳಬೇಕಾದದ್ದೊಂದಿದೆ. ಎದುರಿಗೆ ಶುರು ಮಾಡಿದರೆ ನೀವು ನಿಲ್ಲುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಹೋದ ಆಷಾಢದ ಒಂದು ಬೆಳಿಗ್ಗೆ ನಮ್ಮ ಬೀದಿಗೆ ಕಸದ ಗಾಡಿ ಬಂತು. ಗಾಡಿಯ ಹಿಂದೆ ನಿಂತು ಕಸ ಬೇರೆ ಮಾಡುವ ಹೆಂಗಸು ನನ್ನ ಹಳೇ ಗಿರಾಕಿ. ದೀಪಾವಳಿಗೆ ಮಕ್ಕಳನ್ನು ಕಟ್ಟಿಕೊಂಡು ಬಂದು ಮೂರು ಬನಿಯನ್ನಿಗೆ ಅರ್ಧ ಗಂಟೆ ಚೌಕಾಸಿ ಮಾಡುತ್ತಿದ್ದವಳು. ಯಾರದೋ ಮನೆಯ ಕಪ್ಪು ಕವರಿನ ಗಂಟು ಬಿಚ್ಚಲು ಬಾರದೆ ಹರಿದಳು. ಒಳಗೆ ಹಳಸಿದ ಅನ್ನ, ಮೊಟ್ಟೆ ಸಿಪ್ಪೆ, ಚಹಾ ಚರಟ, ಅದರ ನಡುವೆ ಒದ್ದೆ ಮುದ್ದೆಯಾಗಿ ಒಂದು ಡ್ರಾಯರು. ನೀಲಿ ಗೆರೆಯದು. ತಿರುಪ್ಪೂರಿನ ಖಾದರ್‌ಪೇಟೆಯಿಂದ ನಮ್ಮೂರಿಗೆ ಆ ಮಾಲು ತರಿಸುತ್ತಿದ್ದವನು ನಾನೊಬ್ಬನೇ. ಆಕೆಗೂ ಗುರುತು ಹತ್ತಿತು. ತೂತಾದ ಕೈಗವಸಿನ ಎರಡು ಬೆರಳಲ್ಲಿ ಅದನ್ನೆತ್ತಿ ಹಿಡಿದು, ‘ನೀವು ಮಾರಿದ್ದೆಲ್ಲಾ ಕಡೀಗೆ ನಮ್ ಕೈಗೇ ಬರ್ತಾವೆ ನೋಡ್ರಿ ಸಾವ್ಕಾರ್ರೆ’ ಅಂದಳು. ನಗುತ್ತಲೇ ಅಂದಳು. ನನಗೆ ನಗು ಬರಲಿಲ್ಲ.

ಆವತ್ತು ಮಧ್ಯಾಹ್ನ ಹಳೇ ಲೆಕ್ಕದ ಪುಸ್ತಕ ತೆಗೆದು ಕೂತೆ. ದಿನಕ್ಕೆ 30 ಪೀಸ್ ಎಂದಿಟ್ಟುಕೊಳ್ಳಿ, ಮದುವೆ ಸೀಸನ್ನಿನಲ್ಲಿ ಅದರ ಮೂರರಷ್ಟು ಹೋಗುತ್ತಿತ್ತು, ಅದು ಬಿಡಿ. ವರ್ಷಕ್ಕೆ 300 ದಿನ ಬಾಗಿಲು ತೆಗೆದರೆ 38 ವರ್ಷಕ್ಕೆ 3,42,000 ಪೀಸ್. ಒಂದೊಂದು ಬರೀ 50 ಗ್ರಾಂ ತೂಗಿದರೂ 17 ಟನ್, ಎರಡು ಲಾರಿ ಲೋಡು. ಅದರಲ್ಲಿ ಇವತ್ತು ಯಾರ ಮೈಮೇಲಾದರೂ ಉಳಿದಿರುವುದು ಒಂದೆರಡು ಮೂಟೆಯಷ್ಟಿದ್ದೀತು. ಮಿಕ್ಕದ್ದೆಲ್ಲ ಎಲ್ಲಿ ಹೋಯಿತು? ನನ್ನ ಹತ್ತಿರವಂತೂ ಬಂದಿಲ್ಲ. ‘ಮಾರಿದ ಒಳಉಡುಪನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ’ ಎಂದು ಗಲ್ಲಾದ ಮೇಲೆ ಬೋರ್ಡು ತೂಗುಹಾಕಿದ್ದವನೇ ನಾನು.

ಮುಚ್ಚಿಡುವ ಪಾಠ ಶುರುವಾದದ್ದೂ ನನ್ನ ಅಂಗಡಿಯಲ್ಲೇ. ಹೆಣ್ಣುಮಕ್ಕಳಾದರೆ ಬೇರೆ ಗಿರಾಕಿ ಮೆಟ್ಟಿಲಿಳಿಯುವ ತನಕ ಟವೆಲ್ಲು ನೋಡುತ್ತ ನಿಲ್ಲುತ್ತಿದ್ದಿರಿ. ‘ಬಾಡಿ’ ಎಂಬ ಮಾತು ಗಂಟಲಲ್ಲೇ ಉಳಿದು ಅಳತೆ ಮಾತ್ರ ಚೀಟಿಯಲ್ಲಿ ಬರುತ್ತಿತ್ತು. ಗಂಡಸರೇನೂ ಕಮ್ಮಿ ಇರಲಿಲ್ಲ, ಎರಡು ಬೆರಳೆತ್ತಿ ‘ಎರಡು ಕೊಡ್ರಿ’ ಅಂದರೆ ನಾನೇ ಅರ್ಥ ಮಾಡಿಕೊಳ್ಳಬೇಕು. ಪಕ್ಕದ ಸೀರೆ ಅಂಗಡಿಯವರು ಹೆಸರು ಅಚ್ಚಾದ ಬಣ್ಣದ ಚೀಲ ಕೊಟ್ಟರೆ ನಾನು ಪೇಪರಿನಲ್ಲಿ ಸುತ್ತಿ, ದಾರ ಕಟ್ಟಿ, ಮೇಲೊಂದು ಕಪ್ಪು ಕವರ್ ಹಾಕುತ್ತಿದ್ದೆ. ಮನೆಗೆ ಬಂದ ಮೇಲೂ ಅದು ಬಿಸಿಲು ಕಂಡದ್ದು ಕಡಿಮೆ, ಒಗೆದು ಹಾಕಿದರೆ ಮೇಲೊಂದು ಟವೆಲ್ಲು ಇಲ್ಲವೇ ಸೀರೆಯ ಮರೆ. ಎಲಾಸ್ಟಿಕ್ ಸತ್ತು ತೂತು ಬಿದ್ದ ದಿನ ಮತ್ತೆ ಕಪ್ಪು ಕವರ್, ಗಂಟಿನ ಮೇಲೆ ಗಂಟು. ಉಟ್ಟ ಬಟ್ಟೆ ಕಂಡವರ ಕೈಗೆ ಸಿಕ್ಕರೆ ಮಾಟ ಮಾಡಿಸುತ್ತಾರೆ ಎಂಬ ಭಯ ಬೇರೆ. ನೀವು ಎಷ್ಟು ಬಿಗಿಯಾಗಿ ಕಟ್ಟುತ್ತೀರೋ ಅಷ್ಟು ಹೊತ್ತು ಅದು ಕಸದ ಗಾಡಿಯವಳ ಕೈಯಲ್ಲಿರುತ್ತದೆ, ಅಷ್ಟೇ.

ಹಾಗೆಂದು ಚಡ್ಡಿಯ ಹೆಸರೆತ್ತಲು ನಾಚುವ ನಾಡೇನಲ್ಲ ನಮ್ಮದು. 2009ರ ಫೆಬ್ರವರಿಯಲ್ಲಿ, ಮಂಗಳೂರಿನ ಪಬ್ ದಾಳಿಯ ಬೆನ್ನಿಗೇ, ಪ್ರತಿಭಟನೆಯ ಗುಲಾಬಿ ಚಡ್ಡಿಗಳು ಅಂಚೆಯಲ್ಲಿ ದಾಳಿ ಮಾಡಿದವರ ಹೆಸರಿಗೆ ಹುಬ್ಬಳ್ಳಿಗೆ ಬಂದವು. 2022ರ ಜೂನ್‌ನಲ್ಲಿ ರಾಜಕೀಯ ಜಗಳಕ್ಕೆ ಖಾಕಿ ಚಡ್ಡಿ ಸುಡುವವರು ಒಂದು ಕಡೆ, ಚಡ್ಡಿ ಕಳಿಸಿಕೊಡುವವರು ಇನ್ನೊಂದು ಕಡೆ. ಅಷ್ಟೆಲ್ಲ ಮಾತಾಡಿದೆವು. ಮನೆಯ ಹಳೇ ಚಡ್ಡಿ ಎಲ್ಲಿಗೆ ಹೋಗಬೇಕು ಎಂಬುದೊಂದನ್ನು ಬಿಟ್ಟು.

ಅದು ಎಲ್ಲಿಗೆ ಹೋಗುತ್ತದೆ ಎಂದು ಕಸದ ಗಾಡಿಯ ಆಕೆಯನ್ನೇ ಕೇಳಿದೆ. ಅನ್ನ ಸಾರಿನಲ್ಲಿ ನೆಂದ ಬಟ್ಟೆಯನ್ನು ಯಾರೂ ಮುಟ್ಟುವುದಿಲ್ಲ, ನೇರ ಊರಾಚೆಯ ಗುಡ್ಡೆಗೆ. ಒಣಗಿದ್ದು, ಶುಚಿಯಾಗಿದ್ದು, ಬೇರೆ ಚೀಲದಲ್ಲಿದ್ದರೆ ಮಾತ್ರ ಪಕ್ಕಕ್ಕಿಡುತ್ತಾರೆ. ಮನೆಯಲ್ಲೇ ಹಸಿ, ಒಣ ಬೇರೆ ಮಾಡಿ ಕೊಡಬೇಕೆಂದು 2016ರ ಘನತ್ಯಾಜ್ಯ ನಿಯಮಗಳೇ ಹೇಳಿದ್ದವು. ನಮ್ಮ ಬೀದಿಯಲ್ಲಿ ಬಾಳೆಹಣ್ಣಿನ ಸಿಪ್ಪೆ ಬೇರೆಯಾಗುತ್ತದೆ, ಹಾಲಿನ ಪ್ಯಾಕೆಟ್ಟೂ ಆಗುತ್ತದೆ. ಚಡ್ಡಿ ಮಾತ್ರ ಯಾರಿಗೂ ಕಾಣದಿರಲೆಂದು ಹಸಿ ಕಸದ ತಳಕ್ಕೆ ಹೋಗುತ್ತದೆ. ಕೆಲವರದು ಇನ್ನೂ ದೊಡ್ಡ ಜಾಣತನ, ಪಾಯಿಖಾನೆಗೆ ಹಾಕಿ ಎರಡು ಬಕೆಟ್ ನೀರು ಸುರಿಯುವುದು. ಹಿಗ್ಗುವ ಬಟ್ಟೆ ಯುಜಿಡಿ ಪೈಪಿನ ತಿರುವಿನಲ್ಲಿ ಸಿಕ್ಕಿಕೊಂಡರೆ ಕೂದಲು, ಜಿಡ್ಡು ಎಲ್ಲವನ್ನೂ ತಡೆದು ಹಿಡಿಯುತ್ತದೆ. ಮ್ಯಾನ್‌ಹೋಲಿಗೆ ರಕ್ಷಣಾ ಸಾಧನ ಕೊಡದೆ ಮನುಷ್ಯರನ್ನು ಇಳಿಸಬಾರದೆಂದು 2013ರ ಕಾನೂನು ಇದೆ. ಹಾಗಿದ್ದೂ ಇಳಿದು ಸತ್ತವರ ಸುದ್ದಿ ಪೇಪರಿನಲ್ಲಿ ಓದುತ್ತಲೇ ಇರುತ್ತೇವೆ.

ನನ್ನ ಅಜ್ಜನ ಕಾಲದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಪಂಚೆ ಅಂಚು ಸವೆದರೆ ಅದು ಟವೆಲ್ಲಾಗುತ್ತಿತ್ತು, ಟವೆಲ್ಲು ಹರಿದರೆ ಕೋಮಣ. ಅಜ್ಜಿಯ ಸೀರೆ ಮೊದಲು ಲಂಗ, ಆಮೇಲೆ ಕೂಸಿನ ತೊಟ್ಟಿಲ ಬಟ್ಟೆ, ಆಮೇಲೆ ತಿಂಗಳ ಬಟ್ಟೆ. ಒಳಉಡುಪು ಎಂದರೆ ಬಟ್ಟೆಯ ಕಡೆಯ ಜನ್ಮ. ಅಲ್ಲಿಂದ ಮುಂದೆ ಮಣ್ಣೇ ಅದನ್ನು ತಿಂದುಹಾಕುತ್ತಿತ್ತು. ನನ್ನಂಥವರು ಬಂದು ಅದಕ್ಕೇ ಒಂದು ಪೆಟ್ಟಿಗೆ, ಒಂದು ಫೋಟೋ, ಒಂದು ಎಂಆರ್‌ಪಿ ಅಂಟಿಸಿದೆವು. ಪಟಾಪಟಿ ಚಡ್ಡಿ ಹೆಚ್ಚು ಹೋಗುತ್ತಿದ್ದ ದಿನಗಳಲ್ಲೂ ಅಷ್ಟು ತೊಂದರೆ ಇರಲಿಲ್ಲ. ಅದು ಹತ್ತಿ, ಲಾಡಿಯೂ ಹತ್ತಿ. ಕಷ್ಟ ಶುರುವಾದದ್ದು ಹಿಗ್ಗುವ ನೂಲಿನಿಂದ. 1958ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯಲ್ಲಿ ಜೋಸೆಫ್ ಶಿವರ್ಸ್ ಎಂಬ ರಸಾಯನ ವಿಜ್ಞಾನಿ ಕಂಡುಹಿಡಿದದ್ದು. ನೀವು ಲೈಕ್ರಾ ಎನ್ನುತ್ತೀರಿ, ಲೇಬಲ್ಲಿನಲ್ಲಿ ಎಲಾಸ್ಟೇನ್ ಎಂದಿರುತ್ತದೆ. ಹತ್ತಿ 95, ಅದು 5. ಆ ಐದೇ ಸಾಕು. ಹಳೇ ಹತ್ತಿ ಬಟ್ಟೆಯನ್ನು ಮಷೀನಿನಲ್ಲಿ ಹಿಂಜಿ ಮತ್ತೆ ನೂಲು ತೆಗೆಯುತ್ತಾರೆ. ಎಲಾಸ್ಟೇನ್ ಹಿಂಜಿಸಿಕೊಳ್ಳುವುದಿಲ್ಲ, ಎಳೆದಷ್ಟೂ ಹಿಗ್ಗಿ ಮಷೀನಿನ ಹಲ್ಲಿಗೆ ಸುತ್ತಿಕೊಳ್ಳುತ್ತದೆ. ಹಾಗಾಗಿ ತಿರುಪ್ಪೂರಿನವರಿಗೆ ಹೊಸ ಕಟಿಂಗ್ ವೇಸ್ಟ್ ಬೇಕು, ನೀವು ಉಟ್ಟು ಬಿಟ್ಟದ್ದು ಬೇಡ. ಬೀದಿಯಲ್ಲಿ ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವ ಹೆಂಗಸೂ ಅಷ್ಟೇ, ಪ್ಯಾಂಟು ಸೀರೆಯನ್ನು ತಿರುವಿ ತಿರುವಿ ನೋಡುತ್ತಾಳೆ, ಬನಿಯನ್ನು ಚಡ್ಡಿ ಕಂಡರೆ ಕಾಲ ಬೆರಳಲ್ಲೇ ಈಚೆಗೆ ತಳ್ಳುತ್ತಾಳೆ.

ಇಷ್ಟೆಲ್ಲ ಗೊತ್ತಿದ್ದೂ ನಾನು ಹಳೇ ಒಳಉಡುಪು ಕತ್ತರಿಸಿ ಬೇರೆ ಮಾಡುವ ಕೆಲಸಕ್ಕೆ ಕೂತದ್ದು ನನ್ನಾಕೆ ಹೋದ ಮೇಲೆಯೇ.

ತಿಂಗಳ ಕಾರ್ಯ ಮುಗಿದ ಮೇಲೆ ಅವಳ ಬೀರು ತೆಗೆದೆವು. ಸೀರೆಗಳನ್ನು ತಂಗಿಯರು, ಸೊಸೆ ಹಂಚಿಕೊಂಡರು. ಕೆಳಗಿನ ಖಾನೆಯನ್ನು ಸೊಸೆ ಅರ್ಧ ಎಳೆದು ಹಾಗೇ ಮುಚ್ಚಿ, ‘ಮಾವಾ, ಇದನ್ನ ನದಿಗೆ ಬಿಡೋದಾ?’ ಎಂದಳು. ಹರಿಹರದಲ್ಲಿ ತುಂಗಭದ್ರೆ ಇದ್ದಾಳಲ್ಲ, ನಮಗೆ ಎಲ್ಲದಕ್ಕೂ ಒಂದು ನದಿ ಬೇಕು. ನಾನು ನೋಡಿಕೊಳ್ಳುತ್ತೇನೆ ಎಂದೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ತೆಗೆದು ನೋಡಿದರೆ, ಅಲ್ಲಿದ್ದದ್ದೆಲ್ಲ ನನ್ನ ಅಂಗಡಿಯ ಡ್ಯಾಮೇಜ್ ಪೀಸ್. ಹೊಲಿಗೆ ಓರೆಯಾದದ್ದು, ಬಣ್ಣ ಹತ್ತಿದ್ದು, ಒಂದು ಪಟ್ಟಿ ಉದ್ದ ಒಂದು ಗಿಡ್ಡ. ಕಂಪನಿಗೆ ವಾಪಸು ಕಳಿಸಲೆಂದು ನಾನು ಎತ್ತಿಡುತ್ತಿದ್ದ ಮಾಲಿನಲ್ಲಿ ಯಾವಾಗ ಆರಿಸಿಕೊಂಡಳೋ. ಒಂದರ ಕೊಂಡಿ ಮುರಿದ ಕಡೆ ಸೇಫ್ಟಿ ಪಿನ್ನು. ಇಡೀ ಊರಿನ ಅಳತೆ ಬಲ್ಲವನಿಗೆ ಅವಳ ಅಳತೆ ಗೊತ್ತಾದದ್ದು ಆ ರಾತ್ರಿ, ಲೇಬಲ್ಲಿನಿಂದ.

ಎಲ್ಲವನ್ನೂ ನಾನೇ ಒಗೆದೆ. ತಂತಿಯ ಮೇಲೆ, ಬಿಸಿಲಿನಲ್ಲಿ, ಮೇಲೆ ಟವೆಲ್ಲು ಹೊದಿಸದೆ ಒಣಹಾಕಿದೆ. ಪಕ್ಕದ ಮನೆಯವರು ನೋಡಿದರು, ನೋಡಲಿ. ಸಂಜೆ ಅಂಗಡಿಯ ದೊಡ್ಡ ಕತ್ತರಿ ಹಿಡಿದು ಕಟ್ಟೆಯ ಮೇಲೆ ಕೂತೆ. ಕೊಂಡಿ, ರಿಂಗು, ಭುಜದ ಪಟ್ಟಿ ಜಾರಿಸುವ ಬಿಲ್ಲೆ ಒಂದು ಡಬ್ಬಿಗೆ. ಅವು ನಮ್ಮ ಬೀದಿಯ ಟೈಲರಮ್ಮನಿಗೆ ಹೋದವು. ರವಿಕೆಗೆ ಹುಕ್ಕು ಯಾವಾಗಲೂ ಬೇಕು, ಬಿಲ್ಲೆಗಳು ಮಾತ್ರ ಮೊದಲಿನವೇ ಇನ್ನೂ ಇವೆ ಎಂದು ಗೊಣಗುತ್ತಲೇ ಇಸಿದುಕೊಂಡಳು. ಹತ್ತಿಯ ಒಳಲಂಗಗಳನ್ನು ಅಂಗೈ ಅಗಲದ ಚೌಕ ಮಾಡಿದೆ. ಎರಡರಲ್ಲಿ ಕಮಾನು ತಂತಿ ಇತ್ತು, ಬಟ್ಟೆಯ ತುದಿ ಸೀಳಿದರೆ ತಾನಾಗಿ ಈಚೆ ಬರುತ್ತದೆ, ಅದು ಗುಜರಿಗೆ. ಉಳಿದದ್ದು ಸ್ಪಂಜಿನ ಬಟ್ಟಲು, ನೈಲಾನ್ ಜಾಲರಿ, ಎಲಾಸ್ಟಿಕ್ಕು. ಅದಕ್ಕೆ ದಾರಿಯಿಲ್ಲ. ಒಣ ಕಸದ ಚೀಲಕ್ಕೆ ಹಾಕಿ ಗಾಡಿಗೆ ಕೊಟ್ಟೆ. ನಸೀಬಿದ್ದರೆ ಸಿಮೆಂಟು ಕಾರ್ಖಾನೆಯ ಗೂಡಿಗೆ ಹೋಗಿ ಕಲ್ಲಿದ್ದಲಿನ ಜೊತೆ ಉರಿಯುತ್ತದೆ. ಇಲ್ಲದಿದ್ದರೆ ಗುಡ್ಡೆಯೇ. ಆದರೆ ಗಾಡಿಯ ಮೇಲಿದ್ದವಳು ಅದರೊಳಗೆ ಕೈ ಹಾಕಬೇಕಾಗಿ ಬರಲಿಲ್ಲ.

ನನ್ನ ಬನಿಯನ್ನುಗಳ ವಿಷಯ ನನ್ನಾಕೆ ಇದ್ದಾಗಲೇ ತೀರ್ಮಾನವಾಗಿತ್ತು. ನಮ್ಮ ಮನೆಯಲ್ಲಿ ಚಿಂದಿಗೂ ಜಾತಿಯಿತ್ತು ಎನ್ನಿ. ಬನಿಯನ್ನಿಗೆ ಅಡುಗೆಮನೆ ಪ್ರವೇಶವಿತ್ತು, ಒಗೆದು ಎರಡು ತುಂಡು ಮಾಡಿದರೆ ಮಸಿಬಟ್ಟೆ. ಚಡ್ಡಿಗೆ ಹೊಸ್ತಿಲು ದಾಟುವ ಹಕ್ಕಿಲ್ಲ, ಅದು ಸ್ಕೂಟರ್ ಒರೆಸಲು, ಸೈಕಲ್ ಚೈನಿಗೆ. ಅವಳ ಮಡಿಯನ್ನು ನಾನು ತಿದ್ದಲು ಹೋಗಲಿಲ್ಲ, ನೀವೂ ನಿಮ್ಮ ಮನೆಯದನ್ನು ತಿದ್ದಬೇಕಿಲ್ಲ. ಗ್ಯಾರೇಜಿನವನಿಗೆ ಯಾವ ಮಡಿಯೂ ಇಲ್ಲ. ಗ್ರೀಸು ಒರೆಸಲು ಅವನು ಬನಿಯನ್ ವೇಸ್ಟನ್ನು ಕಿಲೋ ಲೆಕ್ಕದಲ್ಲಿ ದುಡ್ಡು ಕೊಟ್ಟು ತರುತ್ತಾನೆ. ಹಳೇ ಹತ್ತಿಯಷ್ಟು ಎಣ್ಣೆ ಹೊಸ ಬಟ್ಟೆ ಹೀರುವುದಿಲ್ಲ ಎಂದು ಅವನೇ ಹೇಳುತ್ತಾನೆ. ಒಗೆದು, ಎಲಾಸ್ಟಿಕ್ ಕತ್ತರಿಸಿ, ಚೌಕ ಮಾಡಿ ಕೊಟ್ಟರೆ ಅದು ಚಡ್ಡಿಯೋ ಬನಿಯನ್ನೋ ಅವನಪ್ಪನಿಗೂ ಗೊತ್ತಾಗುವುದಿಲ್ಲ.

ಹತ್ತಿ ಹೌದೋ ಅಲ್ಲವೋ ಎಂಬ ಅನುಮಾನವಿದ್ದರೆ ಲೇಬಲ್ ನಂಬಿ ಕೂರಬೇಡಿ, ಅದು ಮೂರನೇ ಒಗೆತಕ್ಕೇ ಅಳಿಸಿರುತ್ತದೆ. ಒಂದು ಎಳೆ ಬಿಚ್ಚಿ, ಚಿಮಟದಲ್ಲಿ ಹಿಡಿದು, ಬಚ್ಚಲಲ್ಲಿ ನಿಂತು ಕಡ್ಡಿ ಗೀರಿ. ಹತ್ತಿ ಕಾಗದದ ಹಾಗೆ ಉರಿದು, ಕಾಗದದ ವಾಸನೆ ಕೊಟ್ಟು, ಊದಿದರೆ ಹಾರುವ ಬೂದಿಯಾಗುತ್ತದೆ. ನಮ್ಮ ಹರಿಹರದ ಪಕ್ಕದ ಕುಮಾರಪಟ್ಟಣದಲ್ಲಿ ಮರದ ತಿರುಳಿನಿಂದ ತೆಗೆಯುವ ವಿಸ್ಕೋಸೂ ಹಾಗೇ. ಪಾಲಿಯೆಸ್ಟರ್, ನೈಲಾನ್ ಆದರೆ ಮುದುಡಿ ಕರಗಿ ತುದಿಯಲ್ಲಿ ಸಾಸಿವೆಯಂಥ ಗಟ್ಟಿ ಮಣಿ ನಿಲ್ಲುತ್ತದೆ. ಸರಕು ತರುವಾಗ ನಾವು ಮಾಡುತ್ತಿದ್ದ ಪರೀಕ್ಷೆ ಇದೇ. ಒಂದೇ ಎಳೆಯ ಮಾತು ಹೇಳುತ್ತಿದ್ದೇನೆ, ಗಂಟನ್ನೇ ಬಚ್ಚಲ ಹಂಡೆಯ ಒಲೆಗೆ ತುರುಕುವವರು ಇದ್ದೀರಿ, ನನಗೆ ಗೊತ್ತು, ಚಳಿಗಾಲದ ಬೆಳಿಗ್ಗೆ ಆ ವಾಸನೆ ನಾಲ್ಕು ಮನೆ ದಾಟುತ್ತದೆ. ಕರಗಿದ ನೈಲಾನಿನ ಹೊಗೆ ಮೊದಲು ಸೇರುವುದು ಒಲೆ ಊದುವವರ ಎದೆಗೇ.

ಇನ್ನು ಹೂಳುವ ವಿಷಯ. ಬೆಂಗಳೂರಿನಲ್ಲಿರುವ ಮೊಮ್ಮಗಳು ಬೇಸಿಗೆ ರಜೆಗೆ ಬಂದವಳು, ‘ಅಜ್ಜಾ, ಸ್ವಿಟ್ಜರ್ಲೆಂಡಲ್ಲಿ ಚಡ್ಡಿ ನೆಡ್ತಾರೆ’ ಎಂದಳು. ತಮಾಷೆ ಅಂದುಕೊಂಡೆ, ನಿಜ. 2021ರಲ್ಲಿ ಅಲ್ಲಿನ ಆಗ್ರೋಸ್ಕೋಪ್ ಎಂಬ ಕೃಷಿ ಸಂಶೋಧನಾ ಸಂಸ್ಥೆ ಮತ್ತು ಜ್ಯೂರಿಕ್ ವಿಶ್ವವಿದ್ಯಾಲಯ ಸೇರಿ, ರೈತರಿಗೂ ಕೈತೋಟದವರಿಗೂ ಬಿಳಿ ಹತ್ತಿ ಚಡ್ಡಿ ಹಂಚಿ ಹೊಲದಲ್ಲಿ ಹೂಳಿಸಿದರು. ಕೆನಡಾದ ರೈತರೂ ಮಾಡುತ್ತಾರೆ. ಎರಡು ತಿಂಗಳು ಬಿಟ್ಟು ಅಗೆದಾಗ ಬಟ್ಟೆ ಎಷ್ಟು ಕಮ್ಮಿ ಉಳಿದಿರುತ್ತದೋ ಮಣ್ಣಿನಲ್ಲಿ ಅಷ್ಟು ಜೀವವಿದೆ ಎಂದು ಲೆಕ್ಕ.

ನಾವೂ ಮಾಡಿದೆವು. ನನ್ನ ಎರಡು ಹಳೇ ಬಿಳಿ ಚಡ್ಡಿ. ಒಂದನ್ನು ಹಿತ್ತಲ ಕರಿಬೇವಿನ ಬುಡದಲ್ಲಿ, ಗೇಣುದ್ದ ಆಳದಲ್ಲಿ. ಇನ್ನೊಂದನ್ನು ಕಾಂಪೌಂಡಿನ ಮೂಲೆಯಲ್ಲಿ, ಮನೆ ಕಟ್ಟಿದಾಗ ಸುರಿದ ಜಲ್ಲಿ ಸಿಮೆಂಟಿನ ಮಣ್ಣಿನಲ್ಲಿ. ಗುರುತಿಗೆ ಐಸ್‌ಕ್ರೀಮ್ ಕಡ್ಡಿ ನೆಟ್ಟು ಅವಳು ಊರಿಗೆ ಹೋದಳು. ಎರಡು ತಿಂಗಳಾದ ಮೇಲೆ ವಿಡಿಯೋ ಕಾಲಿನಲ್ಲಿ ಅವಳು ನೋಡುತ್ತಿರುವಂತೆಯೇ ಅಗೆದೆ. ಮೂಲೆಯದು ಸ್ವಲ್ಪ ಹಳದಿಯಾಗಿತ್ತು ಅಷ್ಟೇ, ಒಗೆದರೆ ಉಡಬಹುದಿತ್ತು. ಕರಿಬೇವಿನ ಬುಡದಲ್ಲಿ ಮೊದಲು ಏನೂ ಸಿಗಲಿಲ್ಲ. ಆಮೇಲೆ ಬೆರಳಿಗೆ ಸೊಂಟದ ಎಲಾಸ್ಟಿಕ್ ಸಿಕ್ಕಿತು, ಅದಕ್ಕೆ ಅಂಟಿಕೊಂಡು ಹೊಲಿಗೆಯ ಪಾಲಿಯೆಸ್ಟರ್ ದಾರ, ಲೇಬಲ್ಲು. ಬಟ್ಟೆಯೇ ಇಲ್ಲದೆ ಬರೀ ಅದರ ನಕ್ಷೆ. ಎರೆಹುಳ ಒಂದು ಎಲಾಸ್ಟಿಕ್ಕಿನ ಸುತ್ತ ಸುತ್ತಿಕೊಂಡಿತ್ತು. ಹಾಗಾಗಿ ಹಿತ್ತಲಿರುವವರು ಹತ್ತಿಯದನ್ನು ಹೂಳಬಹುದು. ಎಲಾಸ್ಟಿಕ್, ಲೇಬಲ್ ಮೊದಲೇ ಕತ್ತರಿಸಿ, ಹರಿದು ಚೂರು ಮಾಡಿ, ಜೀವವಿರುವ ಮಣ್ಣಿನಲ್ಲಿ.

ರಕ್ತ, ಹೇಲು ಉಚ್ಚೆಯ ಕಲೆ ಹೋಗದಿದ್ದದ್ದು, ಹಾಸಿಗೆ ಹಿಡಿದವರದ್ದು ಕತ್ತರಿಗೂ ಬೇಡ, ಗ್ಯಾರೇಜಿಗೂ ಬೇಡ. ಪ್ಯಾಡಿನ ಹಾಗೆ ಪೇಪರಿನಲ್ಲಿ ಸುತ್ತಿ, ಮೇಲೆ ಕೆಂಪು ಗುರುತು ಮಾಡಿ, ಗಾಡಿಯವರ ಕೈಗೇ ಬೇರೆಯಾಗಿ ಕೊಡಿ. ಒಳಗೇನಿದೆ ಎಂದು ಅವರಿಗೆ ಬಿಚ್ಚದೆಯೇ ಗೊತ್ತಾಗಲಿ.

ದಾನದ ವಿಷಯಕ್ಕೆ ನನಗೆ ಸಿಟ್ಟಿದೆ, ಅದನ್ನೂ ಹೇಳಿಬಿಡುತ್ತೇನೆ. 2019ರ ಆಗಸ್ಟ್‌ನಲ್ಲಿ ಬೆಳಗಾವಿ, ಬಾಗಲಕೋಟೆ ಕಡೆ ನೆರೆ ಬಂದಾಗ ನಮ್ಮ ಪೇಟೆಯಿಂದಲೂ ಲಾರಿ ಹೋಯಿತು. ತುಂಬುವ ಮುಂಚೆ ಮೂಟೆ ಬಿಚ್ಚಿ ನೋಡಲು ನನ್ನನ್ನು ಕೂರಿಸಿದ್ದರು. ಒಂದು ಮೂಟೆಯಲ್ಲಿ ಇಸ್ತ್ರಿ ಮಾಡಿದ ಅಂಗಿ, ಒಳ್ಳೇ ಕಂಬಳಿ. ಅದರ ಅಡಿಯಲ್ಲಿ ದೊಡ್ಡವರ ಹಳೇ ಚಡ್ಡಿ, ಹನ್ನೊಂದು. ಎಣಿಸಿದೆ. ಉಟ್ಟ ಬಟ್ಟೆಯಲ್ಲೇ ಮನೆ ಬಿಟ್ಟು ಬಂದವರಿಗೆ ಮೊದಲು ಬೇಕಾಗುವುದು ಒಳಉಡುಪೇ, ಅದು ನಿಜ, ಕೇಳಲು ನಾಚಿ ಅವರು ಕೇಳುವುದಿಲ್ಲ. ಅದಕ್ಕೇ ಹೊಸದು ಕೊಡಬೇಕು, ಎಲ್ಲ ಅಳತೆಯಲ್ಲೂ. 2004ರ ಸುನಾಮಿ ಆದಾಗ ತಮಿಳುನಾಡಿನ ಕರಾವಳಿಯ ರಸ್ತೆಬದಿಯಲ್ಲಿ ಇಂಥ ಹಳೇ ಬಟ್ಟೆಯ ರಾಶಿಗಳೇ ಬಿದ್ದಿದ್ದವು. ಆ ಹನ್ನೊಂದರಲ್ಲಿ ನಾಲ್ಕು ನನ್ನ ಅಂಗಡಿಯವು. ಯಾರದೆಂದೂ ಅಂದಾಜಿದೆ. ಹೇಳುವುದಿಲ್ಲ ಎಂದು ಮೊದಲೇ ಮಾತು ಕೊಟ್ಟಿದ್ದೇನೆ.

ಪುಣ್ಯಕ್ಷೇತ್ರಕ್ಕೆ ಹೋದಾಗ ಕುಮಾರಧಾರೆಯಲ್ಲೋ ನೇತ್ರಾವತಿಯಲ್ಲೋ ಮಿಂದು ಉಟ್ಟದ್ದನ್ನು ನೀರಿಗೇ ಬಿಟ್ಟು ಬರುವವರೂ ಇದ್ದೀರಿ. 2025ರ ಮಾರ್ಚ್‌ನಲ್ಲಿ ಅರಣ್ಯ ಮತ್ತು ಪರಿಸರ ಸಚಿವ ಈಶ್ವರ ಖಂಡ್ರೆಯವರು, ತೀರ್ಥಕ್ಷೇತ್ರಗಳ ನದಿಯಿಂದ 500 ಮೀಟರ್ ಒಳಗೆ ಸೋಪು ಶಾಂಪೂ ಮಾರಬಾರದು, ನೀರಿನಲ್ಲಿ ಬಟ್ಟೆ ಬಿಡುವುದನ್ನೂ ತಡೆಯಬೇಕು ಎಂದು ಅಧಿಕಾರಿಗಳಿಗೆ ಸೂಚಿಸಿದರು. ಸೂಚನೆ ಒಳ್ಳೆಯದೇ. ಪಾಪವನ್ನು ಬಿಟ್ಟು ಬನ್ನಿ, ಪಾಲಿಯೆಸ್ಟರನ್ನು ಮನೆಗೆ ತನ್ನಿ.

ವ್ಯಾಪಾರಿಯಾಗಿ ಕಡೆಯದಾಗಿ ಒಂದು ಗುಟ್ಟು ಹೇಳಬಹುದು, ಈಗ ನನಗೇನೂ ನಷ್ಟವಿಲ್ಲ. ಬಟ್ಟೆಗಿಂತ ಎಲಾಸ್ಟಿಕ್ ಮೊದಲು ಸಾಯುತ್ತದೆ, ಅದನ್ನು ಕೊಲ್ಲುವುದು ಕುದಿಯುವ ನೀರು ಮತ್ತು ಬ್ಲೀಚಿಂಗ್ ಪುಡಿ. ಸೊಂಟದ ಮಡಿಕೆಯೊಳಗೆ ಎಲಾಸ್ಟಿಕ್ ಕೂರಿಸಿದ ಹಳೇ ಥರದ ಡ್ರಾಯರಾದರೆ, ಸತ್ತದ್ದನ್ನು ಎಳೆದು ಸೇಫ್ಟಿ ಪಿನ್ನಿಗೆ ಹೊಸದನ್ನು ಪೋಣಿಸಿ ತಿರುಗಾ ಒಂದು ವರ್ಷ ಓಡಿಸಬಹುದು. ಕಂಪನಿಯ ಹೆಸರು ದಪ್ಪ ಅಕ್ಷರದಲ್ಲಿ ಹೊಟ್ಟೆ ಮೇಲೆ ಕಾಣಬೇಕೆಂದು ಹೊರಪಟ್ಟಿ ಬಂದ ಮೇಲೆ ಅದೂ ಹೋಯಿತು. ನಾನು ಮೀಟರ್ ಲೆಕ್ಕದಲ್ಲಿ ಎಲಾಸ್ಟಿಕ್ ಮಾರುವುದನ್ನು ನಿಲ್ಲಿಸಿದ್ದೂ ಆಗಲೇ. ಪೀಸಿಗೆ ಲಾಭ ಜಾಸ್ತಿ ಇತ್ತು.

ಪ್ರತಿ ಭಾನುವಾರ ಹತ್ತರಿಂದ ಹನ್ನೆರಡರವರೆಗೆ ನಾನು ಮನೆ ಮುಂದಿನ ಕಟ್ಟೆಯಲ್ಲಿ ಕೂತಿರುತ್ತೇನೆ. ಒಗೆದು ಒಣಗಿಸಿದ್ದು ತನ್ನಿ. ಕತ್ತರಿಸಲು ನಾಚಿಕೆಯಾದರೆ ನಾನೇ ಕತ್ತರಿಸುತ್ತೇನೆ, ನನಗೆ ಹೊಸದೇನಲ್ಲ. ಎರಡು ಚೀಲ ತುಂಬಿದಾಗ ಗ್ಯಾರೇಜಿನ ಹುಡುಗ ಬಂದು ಒಯ್ಯುತ್ತಾನೆ. ಕಪ್ಪು ಕವರಿನಲ್ಲಿ ತಂದರೂ ಅಡ್ಡಿಯಿಲ್ಲ, ಗಂಟು ಮಾತ್ರ ಹಾಕಬೇಡಿ.

ಇಂತಿ ನಿಮ್ಮ,
ಚೌಕಿಪೇಟೆಯ ಹಳೇ ಬನಿಯನ್ ಅಂಗಡಿಯವ

ವಿ.ಸೂ.: ಉದ್ರಿ ಪುಸ್ತಕದಲ್ಲಿ ಇನ್ನೂ 4,360 ರೂಪಾಯಿ ಬಾಕಿ ತೋರಿಸುತ್ತಿದೆ. ಅದನ್ನು ಕೇಳುವುದಿಲ್ಲ, ಬಿಡಿ. ಆದರೆ ಹೋದ ಭಾನುವಾರ ಯಾರೋ ಒಬ್ಬರು ‘ಮನೇಲೇ ಕತ್ತರಿಸ್ಕೊಂಡು ತರ್ತೀನಿ’ ಎಂದು ನನ್ನ ದೊಡ್ಡ ಕತ್ತರಿ ಒಯ್ದಿದ್ದೀರಿ. ಅದು 1985ರದು. ಅದನ್ನು ಮಾತ್ರ ವಾಪಸು ತನ್ನಿ.